ಕಿಂಡಿ ಒಂದಾಯ್ತು, ಚಾರ್ಜರ್ ಇನ್ನೂ ಒಂದಾಗಿಲ್ಲ

"ನಿಮ್ಮ ಹತ್ರ ಟೈಪ್ ಸಿ ಇದ್ಯಾ?" ಆಫೀಸು, ಹಾಸ್ಟೆಲ್, ರೈಲು, ಮದುವೆ ಮನೆ, ಎಲ್ಲಿ ಹೋದರೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಹೆಚ್ಚಿನ ಸಲ 'ಇದೆ' ಅನ್ನೋ ಉತ್ತರವೂ ಸಿಗುತ್ತದೆ. ಹದಿನೈದು, ಇಪ್ಪತ್ತು ವರ್ಷದ ಹಿಂದೆ ಈ ಮಾತುಕತೆ ಇಷ್ಟು ಸುಲಭ ಇರಲಿಲ್ಲ. "ನೋಕಿಯಾನಾ? ಸಣ್ಣ ಪಿನ್ನಾ, ದಪ್ಪ ಪಿನ್ನಾ?" ಒಂದೇ ಕಂಪನಿಯ ಎರಡು ಫೋನಿಗೆ ಎರಡು ಪಿನ್. ಸ್ಯಾಮ್‌ಸಂಗ್‌ಗೆ ಬೇರೆ, ಸೋನಿ ಎರಿಕ್ಸನ್‌ಗೆ ಬೇರೆ, ಮೋಟೊರೊಲಾಗೆ ಮತ್ತೊಂದು. ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಒಂದೇ ವೈರಿಗೆ ಹತ್ತು ಮೂತಿ ಕಟ್ಟಿದ ರಾವಣನಂಥ ಚಾರ್ಜರು ಮಾರುತ್ತಿದ್ದರು, ಜನ ಕೊಳ್ಳುತ್ತಲೂ ಇದ್ದರು.

ಆ ಹತ್ತು ಮೂತಿ ಹೋಗಿ ಒಂದಾಗಿದ್ದು ಹೇಗೆ? "ಟೆಕ್ನಾಲಜಿ ಬೆಳೀತು, ಮಾರ್ಕೆಟ್ಟೇ ಸರಿ ಮಾಡ್ಕೊಳ್ತು" ಅಂತ ಹೇಳುವವರು ತುಂಬ ಜನ ಇದ್ದಾರೆ. ಅರ್ಧ ನಿಜ. ಉಳಿದ ಅರ್ಧ ನಡೆದದ್ದು ಸಂಸತ್ತಿನಲ್ಲಿ, ಓಟು ಹಾಕಿ. ಎಲ್ಲ ಫೋನಿಗೂ ಒಂದೇ ಚಾರ್ಜಿಂಗ್ ಪೋರ್ಟ್ ಇರಬೇಕಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಸರಳ: ಇರಬೇಕು, ಅದನ್ನು ಕಾನೂನೇ ಹೇಳಬೇಕು. ಆದರೆ ಈ ಲೇಖನ ಬರೆಯೋಕೆ ಕಾರಣ ಆ ಉತ್ತರವಲ್ಲ. ಕಿಂಡಿ ಒಂದಾದ ಮಾತ್ರಕ್ಕೆ ಚಾರ್ಜರ್ ಒಂದಾಗುವುದಿಲ್ಲ ಅನ್ನೋದು ನಮ್ಮ ಚರ್ಚೆಗಳಲ್ಲಿ ಎಲ್ಲೂ ಬರುತ್ತಿಲ್ಲ. ಭಾರತ ಈಗ ಮಾಡಬೇಕಾದ ಕೆಲಸ ಇರುವುದೇ ಅಲ್ಲಿ. (ಕಿಂಡಿ ಅಂದ ಕೂಡಲೇ ಉಡುಪಿ ನೆನಪಾದವರು ಕ್ಷಮಿಸಿ. ಪೋರ್ಟ್ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಕನ್ನಡ ಪದ ನನಗೆ ಸಿಕ್ಕಿಲ್ಲ.)

ಮೊದಲು ಚೀನಾ, ಆಮೇಲೆ ಬ್ರಸೆಲ್ಸ್

ಈ ಕಥೆಯನ್ನು ಎಲ್ಲರೂ ಯುರೋಪಿನಿಂದ ಶುರು ಮಾಡುತ್ತಾರೆ. ಮೊದಲ ಹೆಜ್ಜೆ ಇಟ್ಟದ್ದು ಚೀನಾ. 2006ರ ಡಿಸೆಂಬರಿನಲ್ಲಿ ಅಲ್ಲಿನ ಮಾಹಿತಿ ಉದ್ಯಮ ಸಚಿವಾಲಯ ಮೊಬೈಲ್ ಚಾರ್ಜರುಗಳಿಗೆ ಒಂದು ಮಾನದಂಡ ಹೊರಡಿಸಿತು. ಅದರ ಬುದ್ಧಿವಂತಿಕೆ ನೋಡಿ: ಫೋನಿನ ಕಡೆಯ ಕಿಂಡಿಯ ತಂಟೆಗೆ ಅದು ಹೋಗಲೇ ಇಲ್ಲ. ಗೋಡೆಗೆ ಚುಚ್ಚುವ ಇಟ್ಟಿಗೆ ಇದೆಯಲ್ಲ, ಅದರಲ್ಲಿ ಚಪ್ಪಟೆ ಯುಎಸ್‌ಬಿ ಕಿಂಡಿ ಇರಬೇಕು, ವೈರು ಅದರಿಂದ ಬಿಡಿಸಿಕೊಳ್ಳುವ ಹಾಗಿರಬೇಕು ಎಂದಿತು. ಫೋನ್ ಬದಲಾದರೆ ವೈರು ಮಾತ್ರ ಬದಲಾಯಿಸಿ, ಇಟ್ಟಿಗೆ ಇಟ್ಟುಕೊಳ್ಳಿ ಅಂತ. ಚಾರ್ಜರಿನ ತೂಕ, ಬೆಲೆ, ತಾಮ್ರ, ಕೆಪಾಸಿಟರ್, ಪ್ಲಾಸ್ಟಿಕ್ ಎಲ್ಲ ಇರುವುದು ಇಟ್ಟಿಗೆಯಲ್ಲೇ. ಹಾಗಾಗಿ ಕಸ ಕಮ್ಮಿ ಮಾಡಬೇಕಾದರೆ ಹಿಡಿಯಬೇಕಾದದ್ದೂ ಅದನ್ನೇ.

2009ರಲ್ಲಿ ಐರೋಪ್ಯ ಆಯೋಗ ಕಂಪನಿಗಳನ್ನು ಕೂರಿಸಿ ಒಪ್ಪಂದ ಮಾಡಿಸಿತು. ಕಾನೂನಲ್ಲ, ಸ್ವಇಚ್ಛೆಯ ಒಡಂಬಡಿಕೆ. ಮೈಕ್ರೊ ಯುಎಸ್‌ಬಿಯೇ ಎಲ್ಲರ ಕಿಂಡಿ ಎಂದು ನೋಕಿಯಾ, ಸ್ಯಾಮ್‌ಸಂಗ್, ಮೋಟೊರೊಲಾ ಎಲ್ಲ ಸಹಿ ಹಾಕಿದವು. ಆ್ಯಪಲ್ ಕೂಡ ಹಾಕಿತು! ಆದರೆ ಒಪ್ಪಂದದಲ್ಲಿ ಒಂದು ಸಂದಿ ಇತ್ತು, ಅಡಾಪ್ಟರ್ ಕೊಟ್ಟರೂ ನಡೆಯುತ್ತದೆ ಅಂತ. ಆ್ಯಪಲ್ ತನ್ನ ಕಿಂಡಿ ತಾನೇ ಇಟ್ಟುಕೊಂಡು, ಪಕ್ಕದಲ್ಲಿ ಒಂದು ಪುಟ್ಟ ಅಡಾಪ್ಟರನ್ನು ಮಾರಾಟಕ್ಕಿಟ್ಟು 'ನಾವು ಒಪ್ಪಂದ ಪಾಲಿಸಿದೆವು' ಎಂದಿತು. ಮದುವೆಗೆ ಬಂದು ಊಟ ಮಾಡದೆ ಹೋದ ನೆಂಟರ ಹಾಗೆ.

ಸ್ವಇಚ್ಛೆಯ ದಾರಿಗೆ ಹತ್ತು ವರ್ಷಕ್ಕೂ ಹೆಚ್ಚು ಸಮಯ ಕೊಟ್ಟಿದ್ದರು ಅನ್ನೋದನ್ನು ಮರೆಯಬಾರದು. 2014ರಲ್ಲಿ ರೇಡಿಯೊ ಸಲಕರಣೆಗಳ ನಿರ್ದೇಶನದಲ್ಲಿ ಸಾಮಾನ್ಯ ಚಾರ್ಜರಿನ ಉಲ್ಲೇಖ ಬಂತು, ಜಾರಿಯಾಗಲಿಲ್ಲ. 2020ರ ಜನವರಿಯಲ್ಲಿ ಐರೋಪ್ಯ ಸಂಸತ್ತು 582ಕ್ಕೆ 40 ಮತಗಳಿಂದ 'ಇನ್ನು ಸಾಕು, ಕಾನೂನು ತನ್ನಿ' ಎಂಬ ನಿರ್ಣಯ ಮಾಡಿತು. 2021ರ ಸೆಪ್ಟೆಂಬರಿನಲ್ಲಿ ಕರಡು, 2022ರ ಅಕ್ಟೋಬರ್ 4ರಂದು ಅಂತಿಮ ಮತದಾನ. ಪರ 602, ವಿರೋಧ 13. 2024ರ ಡಿಸೆಂಬರ್ 28ರಿಂದ ಯುರೋಪಿನಲ್ಲಿ ಮಾರುಕಟ್ಟೆಗೆ ಬರುವ ಫೋನು, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನ್, ಇಯರ್‌ಬಡ್, ಇ-ರೀಡರ್, ಕೀಬೋರ್ಡ್, ಮೌಸ್, ಸ್ಪೀಕರ್ ಎಲ್ಲಕ್ಕೂ ಟೈಪ್ ಸಿ ಕಡ್ಡಾಯ. ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರ ಗಡುವು. ಸೌದಿ ಅರೇಬಿಯಾ ಕೂಡ 2025ರ ಜನವರಿಯಿಂದ ಇದೇ ದಾರಿ ಹಿಡಿಯಿತು.

2023ರ ಸೆಪ್ಟೆಂಬರಿನಲ್ಲಿ ಐಫೋನ್ 15 ಟೈಪ್ ಸಿ ಕಿಂಡಿಯೊಂದಿಗೆ ಬಂತು. ಯುರೋಪಿಗೆ ಒಂದು, ಉಳಿದವರಿಗೆ ಒಂದು ಅಂತ ಎರಡು ಫೋನ್ ಮಾಡುವುದು ಕಂಪನಿಗೆ ದಂಡ. ಹಾಗಾಗಿ ಬ್ರಸೆಲ್ಸಿನ ಓಟು ಬೆಂಗಳೂರಿಗೂ ಲೆಕ್ಕವಾಯಿತು. ಇಂಥದ್ದಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ಅನು ಬ್ರಾಡ್‌ಫರ್ಡ್ 'ಬ್ರಸೆಲ್ಸ್ ಎಫೆಕ್ಟ್' ಎಂದು ಹೆಸರಿಟ್ಟಿದ್ದಾರೆ. ನಾವು ಮತ ಹಾಕದ ಸಂಸತ್ತೊಂದು ನಮ್ಮ ಜೇಬಿನಲ್ಲಿರುವ ವಸ್ತುವಿನ ಆಕಾರ ನಿರ್ಧರಿಸಿದೆ. ಈ ಸಲ ಒಳ್ಳೆಯದಕ್ಕೇ ಆಯಿತು. ಪ್ರತಿ ಸಲವೂ ಹಾಗೇ ಆಗುತ್ತೆ ಅಂತ ನಂಬಿ ಕೂರೋಕಾಗಲ್ಲ.

'ಹೊಸತನಕ್ಕೆ ಬೀಗ' ಎಂಬ ವಾದ

ಆ್ಯಪಲ್ಲಿನ ತಕರಾರು ಏನಿತ್ತು? ಒಂದೇ ಬಗೆಯ ಕನೆಕ್ಟರನ್ನು ಕಾನೂನಿನಲ್ಲಿ ಬರೆದರೆ ಮುಂದೆ ಉತ್ತಮವಾದದ್ದು ಹುಟ್ಟುವುದಿಲ್ಲ ಅಂತ. ಇದನ್ನು ಕಂಪನಿ ಲಾಬಿ ಎಂದು ತಳ್ಳಿಹಾಕಬಾರದು, ಇದರಲ್ಲಿ ತಿರುಳಿದೆ. 2009ರ ಮೈಕ್ರೊ ಯುಎಸ್‌ಬಿ ಒಪ್ಪಂದ ಕಬ್ಬಿಣದಂಥ ಕಾನೂನಾಗಿದ್ದರೆ, 2014ರಲ್ಲಿ ಟೈಪ್ ಸಿ ಬಂದಾಗ ಅದು ಯುರೋಪಿನೊಳಗೆ ಕಾಲಿಡೋಕೆ ಕಾನೂನು ತಿದ್ದುಪಡಿಗೆ ಕಾಯಬೇಕಿತ್ತು. ಕತ್ತಲಲ್ಲಿ ಮೂರು ಸಲ ತಿರುಗಿಸಿ ಮುರುಗಿಸಿ ಚುಚ್ಚುವ ಆ ಮೈಕ್ರೊ ಯುಎಸ್‌ಬಿಯಲ್ಲೇ ನಾವು ಇವತ್ತಿಗೂ ಇರುತ್ತಿದ್ದೆವೇನೋ.

ಆದರೆ ಈ ವಾದ ಮಾಡಿದ ಕಂಪನಿಯ ದಾಖಲೆ ನೋಡಿ. ಲೈಟ್ನಿಂಗ್ ಕಿಂಡಿ ಬಂದದ್ದು 2012ರ ಸೆಪ್ಟೆಂಬರಿನಲ್ಲಿ, ಐಫೋನ್ 5ರ ಜೊತೆ. ಆಗ ಅದು ನಿಜಕ್ಕೂ ಚಂದದ ಇಂಜಿನಿಯರಿಂಗ್. ಪುಟ್ಟದು, ಗಟ್ಟಿ, ಯಾವ ಕಡೆಯಿಂದ ಬೇಕಾದರೂ ಹಾಕಬಹುದು. ಟೈಪ್ ಸಿಗಿಂತ ಎರಡು ವರ್ಷ ಮೊದಲು! ಆಮೇಲೆ ಹನ್ನೊಂದು ವರ್ಷ ಐಫೋನಿನಲ್ಲಿ ಅದರ ವೇಗ ಯುಎಸ್‌ಬಿ 2.0ರ ಮಟ್ಟದಲ್ಲೇ ನಿಂತಿತು, ಅಂದರೆ 2000ನೇ ಇಸವಿಯ ತಂತ್ರಜ್ಞಾನ. ಇನ್ನೊಂದು ಕಡೆ ಇದೇ ಆ್ಯಪಲ್ 2015ರಲ್ಲಿ ಮ್ಯಾಕ್‌ಬುಕ್ಕಿಗೆ, 2018ರಲ್ಲಿ ಐಪ್ಯಾಡ್ ಪ್ರೊಗೆ ಟೈಪ್ ಸಿ ಕೊಟ್ಟಿತ್ತು. ಯುಎಸ್‌ಬಿ ಮಾನದಂಡಗಳನ್ನು ನೋಡಿಕೊಳ್ಳುವ ಯುಎಸ್‌ಬಿ-ಐಎಫ್ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಇಂಟೆಲ್, ಮೈಕ್ರೊಸಾಫ್ಟ್ ಜೊತೆ ಆ್ಯಪಲ್ಲೂ ಇದೆ. ಟೈಪ್ ಸಿ ಕೆಟ್ಟದ್ದು ಅಂತ ಅವರಿಗೇನೂ ಅನ್ನಿಸಿರಲಿಲ್ಲ. ಲೈಟ್ನಿಂಗ್ ವೈರು, ಡಾಕು ಮಾಡುವ ಬೇರೆ ಕಂಪನಿಗಳು ಆ್ಯಪಲ್ಲಿನಿಂದ ಪರವಾನಗಿ ಪಡೆಯಬೇಕಿತ್ತು. ತನ್ನ ಬೇಲಿ, ತನ್ನ ಗೇಟು, ತನ್ನ ಟಿಕೆಟ್ಟು. ಇಂಥ ಗೇಟನ್ನು ಯಾರೂ ತಾವಾಗಿ ಕೀಳುವುದಿಲ್ಲ.

ಇನ್ನು ಕಾನೂನಿನ ಬೀಗದ ವಿಷಯ. ಯುರೋಪಿನವರು ಈ ಸಲ ಕೀಲಿ ಇಟ್ಟುಕೊಂಡಿದ್ದಾರೆ. ತಂತ್ರಜ್ಞಾನ ಬದಲಾದರೆ ಪೂರ್ತಿ ಕಾನೂನನ್ನು ಮತ್ತೆ ಸಂಸತ್ತಿಗೆ ತಾರದೆ ತಾಂತ್ರಿಕ ಅನುಬಂಧವನ್ನು ತಿದ್ದುವ ಅಧಿಕಾರ ಆಯೋಗಕ್ಕಿದೆ. ನಿಯಮ ಅನ್ವಯಿಸುವುದು ವೈರಿನಿಂದ ಚಾರ್ಜ್ ಆಗುವ ಸಾಧನಗಳಿಗೆ ಮಾತ್ರ. ನಾಳೆ ಯಾರಾದರೂ ಕಿಂಡಿಯೇ ಇಲ್ಲದ, ಬರೀ ವೈರ್‌ಲೆಸ್ ಫೋನ್ ತಂದರೆ ಅದಕ್ಕೆ ಟೈಪ್ ಸಿ ಹಾಕಿ ಅನ್ನೋಕೆ ಬರಲ್ಲ. ಇದು ದೊಡ್ಡ ಸಂದಿಯೂ ಹೌದು, ಹೊಸತನಕ್ಕೆ ಬಿಟ್ಟ ಬಾಗಿಲೂ ಹೌದು.

ವೈರಿನೊಳಗಿನ ಮಾತುಕತೆ

ಈಗ ಅಸಲು ವಿಷಯ. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಿಗೆ ಡಿಗ್ರಿ ಉಪಯೋಗಕ್ಕೆ ಬರುವುದು ಇಂಥ ಕಡೆ ಮಾತ್ರ, ಸ್ವಲ್ಪ ಸಹಿಸಿಕೊಳ್ಳಿ.

ಹಳೇ ಚಾರ್ಜರು ಮೂಕ. ಗೋಡೆಗೆ ಹಾಕಿದ ಕೂಡಲೇ 5 ವೋಲ್ಟ್ ಕೊಡುತ್ತದೆ, ಫೋನು ಎಳೆದುಕೊಳ್ಳುತ್ತದೆ, ಅಷ್ಟೆ. ಟೈಪ್ ಸಿಯ ಪೂರ್ಣ ಕಿಂಡಿಯಲ್ಲಿ 24 ಪಿನ್ ಇರುತ್ತವೆ. ಅದರಲ್ಲಿ ಎರಡರ ಹೆಸರು ಸಿಸಿ. ಇವು ಮಾತುಕತೆಯ ಪಿನ್‌ಗಳು. ಫೋನಿನ ಕಡೆ ಈ ಪಿನ್ನಿಗೆ 5.1 ಕಿಲೊಓಮಿನ ಒಂದು ರೆಸಿಸ್ಟರ್ ಇರುತ್ತದೆ. ಚಾರ್ಜರು ಅದನ್ನು ಗುರುತಿಸಿ 'ಓ, ಆ ಕಡೆ ಕರೆಂಟು ಬೇಕಾದವರು ಯಾರೋ ಇದ್ದಾರೆ' ಎಂದು ತಿಳಿದುಕೊಂಡ ಮೇಲೇ ವಿದ್ಯುತ್ ಬಿಡುವುದು. ಚಾರ್ಜರಿನ ಕಡೆಯ ರೆಸಿಸ್ಟರ್ ನೋಡಿ ಫೋನು 'ಇವನಿಂದ 3 ಆಂಪ್ ತಗೋಬಹುದು' ಅಥವಾ 'ಬೇಡ, ಇವನ ಕೈಲಾಗಲ್ಲ' ಎಂದು ನಿರ್ಧರಿಸುತ್ತದೆ. ಪೈಸೆ ಲೆಕ್ಕದ ರೆಸಿಸ್ಟರ್ ಮೇಲೆ ಇಡೀ ವ್ಯವಹಾರ ನಿಂತಿದೆ.

ಇದು ತಪ್ಪಿದರೆ ಏನಾಗುತ್ತದೆ? 2015ರಲ್ಲಿ ಗೂಗಲ್ ಇಂಜಿನಿಯರ್ ಬೆನ್ಸನ್ ಲ್ಯುಂಗ್ ಅಮೆಜಾನಿನಲ್ಲಿ ಸಿಗುವ ಟೈಪ್ ಸಿ ವೈರುಗಳನ್ನು ಒಂದೊಂದಾಗಿ ತರಿಸಿ ಪರೀಕ್ಷೆ ಮಾಡಿ ವಿಮರ್ಶೆ ಬರೆಯತೊಡಗಿದರು. ಎಷ್ಟೋ ವೈರುಗಳಲ್ಲಿ 56 ಕಿಲೊಓಮ್ ಇರಬೇಕಾದ ಕಡೆ 10 ಕಿಲೊಓಮಿನ ರೆಸಿಸ್ಟರ್ ಇತ್ತು. ಅಂದರೆ ಆ ವೈರು ಫೋನಿಗೆ ಸುಳ್ಳು ಹೇಳುತ್ತಿತ್ತು: 'ಎಳ್ಕೋ, 3 ಆಂಪ್ ಇದೆ.' ಆ ಕಡೆ ಇರುವುದು ಯಾವುದೋ ಹಳೇ ಲ್ಯಾಪ್‌ಟಾಪಿನ ಬಡಪಾಯಿ ಕಿಂಡಿ. 2016ರಲ್ಲಿ ಒಂದು ಕೆಟ್ಟ ವೈರು ಅವರ ಪರೀಕ್ಷೆಯ ಲ್ಯಾಪ್‌ಟಾಪನ್ನೇ ಸುಟ್ಟಿತು. ಅದೇ ವರ್ಷ ಅಮೆಜಾನ್ ಮಾನದಂಡ ಪಾಲಿಸದ ಟೈಪ್ ಸಿ ವೈರುಗಳ ಮಾರಾಟ ನಿಷೇಧಿಸಿತು. ಇಂಥದ್ದು ಬರೀ ಫುಟ್‌ಪಾತ್ ಮಾಲಿನ ಸಮಸ್ಯೆ ಅಂದುಕೊಳ್ಳಬೇಡಿ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಬೋರ್ಡಿನಲ್ಲಿ ಎರಡು ರೆಸಿಸ್ಟರ್ ಬದಲು ಒಂದನ್ನೇ ಎರಡೂ ಪಿನ್ನಿಗೆ ಹಂಚಿದ್ದರು. ಪರಿಣಾಮ, ದುಬಾರಿ ವೈರು ಹಾಕಿದರೆ ಬೋರ್ಡು ಆನ್ ಆಗುತ್ತಿರಲಿಲ್ಲ, ಅಗ್ಗದ್ದು ಹಾಕಿದರೆ ಆಗುತ್ತಿತ್ತು!

ರೆಸಿಸ್ಟರಿನ ಮಾತು 15 ವ್ಯಾಟ್‌ವರೆಗೆ. ಅದಕ್ಕಿಂತ ಹೆಚ್ಚು ಬೇಕೆಂದರೆ ಸರಿಯಾದ ಭಾಷೆಯೇ ಬೇಕು. ಆ ಭಾಷೆಯ ಹೆಸರು ಯುಎಸ್‌ಬಿ ಪವರ್ ಡೆಲಿವರಿ, ಚಿಕ್ಕದಾಗಿ ಪಿಡಿ. ಚಾರ್ಜರು ಹೇಳುತ್ತದೆ: 'ನನ್ನ ಹತ್ರ 5, 9, 15, 20 ವೋಲ್ಟ್ ಇದೆ.' ಫೋನು ಕೇಳುತ್ತದೆ: '9 ಕೊಡು.' ಒಪ್ಪಿಗೆ ಆದ ಮೇಲೆ ವೋಲ್ಟೇಜ್ ಏರುತ್ತದೆ. 3 ಆಂಪ್ ದಾಟಬೇಕಾದರೆ ವೈರಿನೊಳಗೂ ಒಂದು ಚಿಪ್ ಇದ್ದು 'ನಾನು ತಡೆದುಕೊಳ್ಳುತ್ತೇನೆ' ಎಂದು ಹೇಳಬೇಕು. 2021ರ ಆವೃತ್ತಿಯಲ್ಲಿ ಈ ಭಾಷೆ 240 ವ್ಯಾಟ್‌ವರೆಗೆ ಮಾತಾಡುತ್ತದೆ. ಇಯರ್‌ಬಡ್ಡಿನಿಂದ ಗೇಮಿಂಗ್ ಲ್ಯಾಪ್‌ಟಾಪ್‌ವರೆಗೆ ಒಂದೇ ಭಾಷೆ. ಯಾವ ಕಂಪನಿಯ ಸ್ವತ್ತೂ ಅಲ್ಲ, ಮಾನದಂಡದ ದಾಖಲೆಯನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು.

ತೊಂದರೆ ಏನೆಂದರೆ, ನಮ್ಮ ಮಾರುಕಟ್ಟೆಯ ಎಷ್ಟೋ ಫೋನುಗಳ ಮಾತೃಭಾಷೆ ಇದಲ್ಲ. ಒಪ್ಪೊ 2014ರಲ್ಲಿ ವೂಕ್ ತಂದಿತು. ಒನ್‌ಪ್ಲಸ್ ಡ್ಯಾಶ್, ವಾರ್ಪ್, ಸೂಪರ್‌ವೂಕ್ ಎಂದು ಹೆಸರು ಬದಲಿಸಿತು. ಕ್ವಾಲ್‌ಕಾಮಿನದು ಕ್ವಿಕ್ ಚಾರ್ಜ್. ಶಿಯೋಮಿ, ವಿವೋಗಳದ್ದು ಇನ್ನೊಂದೊಂದು. ಪೆಟ್ಟಿಗೆ ಮೇಲೆ '80 ವ್ಯಾಟ್' ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಆ 80 ವ್ಯಾಟ್ ಸಿಗುವುದು ಆ ಕಂಪನಿಯ ಇಟ್ಟಿಗೆ, ಆ ಕಂಪನಿಯ ವೈರು ಎರಡೂ ಇದ್ದಾಗ. ಗೆಳೆಯನ 65 ವ್ಯಾಟಿನ ಒಳ್ಳೇ ಪಿಡಿ ಚಾರ್ಜರಿಗೆ ಅದೇ ಫೋನು ಹಾಕಿ ನೋಡಿ, ಎಷ್ಟೋ ಮಾಡೆಲ್‌ಗಳು ಅದರ ಸಣ್ಣ ಪಾಲನ್ನಷ್ಟೇ ತೆಗೆದುಕೊಳ್ಳುತ್ತವೆ. ಕಿಂಡಿ ಒಂದೇ, ಒಳಗೆ ಹೋಗುತ್ತೆ, ಪರದೆ ಮೇಲೆ ಚಾರ್ಜಿಂಗ್ ಅಂತಲೂ ಬರುತ್ತೆ. ಆದರೆ ಇಬ್ಬರೂ ಕೈಸನ್ನೆಯಲ್ಲಿ ಮಾತಾಡುತ್ತಿರುತ್ತಾರೆ.

ಸಣ್ಣ ಪಿನ್, ದಪ್ಪ ಪಿನ್ ಕಾಲದಲ್ಲಿ ಕನಿಷ್ಠ ಪಕ್ಷ ಕಣ್ಣಿಗೆ ಕಾಣುತ್ತಿತ್ತು. ಈಗಿನ ಬೇಲಿ ಕಣ್ಣಿಗೆ ಕಾಣುವುದಿಲ್ಲ. ಇಷ್ಟೇ ವ್ಯತ್ಯಾಸ.

ಈ ಕಂಪನಿಗಳ ಪರವಾಗಿ ಹೇಳಬೇಕಾದ ಮಾತೂ ಇದೆ. ವೂಕ್ ಹುಟ್ಟಿದ್ದು ಬರೀ ಬೇಲಿ ಹಾಕೋಕಲ್ಲ. ವೋಲ್ಟೇಜ್ ಏರಿಸಿದರೆ ಅದನ್ನು ಫೋನಿನೊಳಗೆ ಮತ್ತೆ ಇಳಿಸಬೇಕು, ಆಗ ಫೋನು ಬಿಸಿಯಾಗುತ್ತದೆ. ಒಪ್ಪೊ ಅದನ್ನು ತಿರುಗುಮುರುಗು ಮಾಡಿ ವೋಲ್ಟೇಜ್ ಕಡಿಮೆ, ಕರೆಂಟು ಜಾಸ್ತಿ ಎಂದಿತು. 5 ವೋಲ್ಟಿನಲ್ಲಿ 4 ಆಂಪಿನ ಹತ್ತಿರ. ಬಿಸಿಯಾಗುವ ಕೆಲಸ ಇಟ್ಟಿಗೆಗೆ, ಫೋನು ತಣ್ಣಗೆ. ಇದು ನಿಜವಾದ ಇಂಜಿನಿಯರಿಂಗ್, ಮೆಚ್ಚಬೇಕು. ಆಮೇಲೆ ಪಿಡಿಯೂ ಪಾಠ ಕಲಿತು ವೋಲ್ಟೇಜನ್ನು ಸಣ್ಣ ಸಣ್ಣ ಮೆಟ್ಟಿಲಲ್ಲಿ ಬದಲಾಯಿಸುವ ಪಿಪಿಎಸ್ ಎಂಬ ವಿಧಾನ ಸೇರಿಸಿಕೊಂಡಿತು. ಆದರೆ ಒಂದು ಫೋನು ಎರಡು ಭಾಷೆ ಕಲಿಯಬಾರದು ಅಂತ ಏನೂ ಇಲ್ಲ. ಬೆಂಗಳೂರಿನ ಆಟೋ ಡ್ರೈವರು ನಾಲ್ಕು ಭಾಷೆ ಆಡುತ್ತಾರೆ, ನಲವತ್ತು ಸಾವಿರದ ಫೋನಿಗೆ ಎರಡು ಕಷ್ಟವಾ?

ಯುರೋಪಿನ ಕಾನೂನಿನಲ್ಲಿ ಸುದ್ದಿಯಾಗದೇ ಹೋದ ಆದರೆ ನನಗೆ ಅತಿ ಮುಖ್ಯ ಅನ್ನಿಸುವ ಸಾಲು ಇದೇ. 5 ವೋಲ್ಟ್, 3 ಆಂಪ್ ಅಥವಾ 15 ವ್ಯಾಟ್ ಮೀರಿ ಚಾರ್ಜ್ ಆಗುವ ಸಾಧನಕ್ಕೆ ಪಿಡಿ ಬರಲೇಬೇಕು. ಕಂಪನಿ ತನ್ನದೇ ಭಾಷೆ ಸೇರಿಸಿಕೊಳ್ಳಬಹುದು, ಆದರೆ ಅದು ಪಿಡಿಯ ಪೂರ್ಣ ಕೆಲಸಕ್ಕೆ ಅಡ್ಡ ಬರಬಾರದು. ಕಿಂಡಿಯ ಜೊತೆ ಭಾಷೆಯನ್ನೂ ಕಾನೂನಿನಲ್ಲಿ ಬರೆದರು.

ಕಸದ ಲೆಕ್ಕ, ಪೆಟ್ಟಿಗೆಯ ಲೆಕ್ಕ

ಒಂದೇ ಕಿಂಡಿಯ ಪರ ಎಲ್ಲರೂ ಮೊದಲು ಹೇಳುವುದು ಇ-ತ್ಯಾಜ್ಯದ ಕಾರಣ. ಇಲ್ಲಿ ಸ್ವಲ್ಪ ಅಂಕಿ ನೋಡೋದು ಒಳ್ಳೇದು. ಎಸೆದ ಮತ್ತು ಬಳಸದ ಚಾರ್ಜರುಗಳಿಂದ ಯುರೋಪಿನಲ್ಲಿ ವರ್ಷಕ್ಕೆ ಸುಮಾರು 11,000 ಟನ್ ಕಸ ಎಂದು ಆಯೋಗ ಅಂದಾಜು ಮಾಡಿತ್ತು. ಹೊಸ ನಿಯಮದಿಂದ ಉಳಿಯುವುದು ವರ್ಷಕ್ಕೆ ಸುಮಾರು 980 ಟನ್. ಜಗತ್ತಿನಲ್ಲಿ 2022ರಲ್ಲಿ ಒಟ್ಟು ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಈ ಕಡಲಿನ ಮುಂದೆ 980 ಟನ್ ಒಂದು ಚೊಂಬು ನೀರು. ಹಾಗಾಗಿ 'ಟೈಪ್ ಸಿ ಭೂಮಿ ಉಳಿಸುತ್ತದೆ' ಎಂಬ ಘೋಷಣೆ ನನಗೆ ರುಚಿಸುವುದಿಲ್ಲ. ಉಳಿಯೋದು ಮುಖ್ಯವಾಗಿ ಜನರ ದುಡ್ಡು ಮತ್ತು ಆಯ್ಕೆ. ಬೇಡದ ಚಾರ್ಜರ್ ಕೊಳ್ಳುವುದು ತಪ್ಪಿ ಗ್ರಾಹಕರಿಗೆ ವರ್ಷಕ್ಕೆ 25 ಕೋಟಿ ಯೂರೋವರೆಗೆ ಉಳಿತಾಯ ಎಂದು ಆಯೋಗವೇ ಲೆಕ್ಕ ಹಾಕಿದೆ.

ಅಲ್ಲೂ ಒಂದು ಕೊಕ್ಕೆ ಇದೆ. ಕಸ ಕಮ್ಮಿಯಾಗಬೇಕಾದರೆ ಪ್ರತಿ ಫೋನಿನ ಜೊತೆ ಹೊಸ ಇಟ್ಟಿಗೆ ಕೊಡುವುದು ನಿಲ್ಲಬೇಕು. ಯುರೋಪಿನ ನಿಯಮದಲ್ಲಿ ಚಾರ್ಜರ್ ಸಮೇತ ಮಾರುವವರು ಚಾರ್ಜರ್ ಇಲ್ಲದ ಆಯ್ಕೆಯನ್ನೂ ಕೊಡಬೇಕು, ಪೆಟ್ಟಿಗೆ ಮೇಲೆ ಒಳಗೆ ಚಾರ್ಜರ್ ಇದೆಯೋ ಇಲ್ಲವೋ ಎಂಬ ಚಿತ್ರ, ಎಷ್ಟು ವ್ಯಾಟ್ ಬೇಕು ಎಂಬ ವಿವರ ಇರಬೇಕು. ಆದರೆ ಕಂಪನಿಗಳು ಇದನ್ನು ಮೊದಲೇ ತಮಗೆ ಬೇಕಾದಂತೆ ಬಳಸಿಕೊಂಡಿದ್ದವು. 2020ರ ಅಕ್ಟೋಬರಿನಲ್ಲಿ ಐಫೋನ್ 12ರ ಪೆಟ್ಟಿಗೆಯಿಂದ ಚಾರ್ಜರ್ ಹೋಯಿತು, ಪರಿಸರದ ಹೆಸರಿನಲ್ಲಿ. ಪೆಟ್ಟಿಗೆಯಲ್ಲಿದ್ದ ವೈರಿನ ಒಂದು ತುದಿ ಟೈಪ್ ಸಿ, ಮನೆಯಲ್ಲಿದ್ದ ಹಳೇ ಐಫೋನ್ ಇಟ್ಟಿಗೆಗಳದ್ದೋ ಚಪ್ಪಟೆ ಕಿಂಡಿ! ಮತ್ತೆ ಅಂಗಡಿಗೆ ಹೋಗಿ ಕೊಳ್ಳಿ. ಕೆಲವೇ ತಿಂಗಳಲ್ಲಿ ಸ್ಯಾಮ್‌ಸಂಗ್ ತನ್ನ ಎಸ್21ರಲ್ಲಿ ಅದೇ ದಾರಿ ಹಿಡಿಯಿತು. ಬ್ರೆಜಿಲ್ ಮಾತ್ರ ಸುಮ್ಮನಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ನ್ಯಾಯ ಸಚಿವಾಲಯ ಚಾರ್ಜರ್ ಇಲ್ಲದ ಐಫೋನ್ ಮಾರಾಟ ನಿಲ್ಲಿಸಲು ಆದೇಶಿಸಿ, ಆ್ಯಪಲ್‌ಗೆ 1.2 ಕೋಟಿ ರಿಯಾಲ್‌ಗೂ ಹೆಚ್ಚು ದಂಡ ಹಾಕಿತು.

ಚಾರ್ಜರು ತೆಗೆಯುವುದು ತಪ್ಪಲ್ಲ. ಮನೆಯಲ್ಲಿರುವ ಇಟ್ಟಿಗೆ ಹೊಸ ಫೋನಿಗೆ ಪೂರ್ತಿ ಕೆಲಸ ಮಾಡುತ್ತದೆ ಅನ್ನೋ ಖಾತ್ರಿ ಮೊದಲು ಬರಬೇಕು. ಭಾಷೆ ಒಂದಾಗದೆ ಪೆಟ್ಟಿಗೆ ಖಾಲಿ ಮಾಡಿದರೆ ಅದು ಪರಿಸರ ಕಾಳಜಿ ಅಲ್ಲ, ಹೆಚ್ಚುವರಿ ವ್ಯಾಪಾರ.

ನಮ್ಮ ಸರದಿ

ಭಾರತದಲ್ಲಿ ಈ ಚರ್ಚೆ ಗಂಭೀರವಾಗಿ ಶುರುವಾದದ್ದು 2022ರಲ್ಲಿ. ಆಗಸ್ಟ್‌ನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಕಂಪನಿಗಳ ಸಭೆ ಕರೆಯಿತು. ನವೆಂಬರಿನ ಸಭೆಯಲ್ಲಿ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್‌ಗಳಿಗೆ ಟೈಪ್ ಸಿ ಎಂಬ ವಿಶಾಲ ಒಮ್ಮತ ಮೂಡಿತು. ಬಟನ್ ಫೋನುಗಳಿಗೆ ಬೇರೆ ಕಿಂಡಿ ಇರಲಿ ಎಂಬ ಮಾತೂ ಬಂತು. 2023ರ ಜನವರಿಯಲ್ಲಿ ಬಿಐಎಸ್ ಟೈಪ್ ಸಿ ಮಾನದಂಡವನ್ನು ಭಾರತೀಯ ಮಾನದಂಡವಾಗಿ ಪ್ರಕಟಿಸಿತು. ಅಂತರರಾಷ್ಟ್ರೀಯ ಮಾನದಂಡಕ್ಕೆ ಭಾರತದ ಮುದ್ರೆ. ಆದರೆ ಬಿಐಎಸ್ ಮಾನದಂಡ ಎಂದರೆ ಕಡ್ಡಾಯ ಎಂದರ್ಥವಲ್ಲ. ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸುವವರೆಗೆ ಅದು ಸಲಹೆ ಮಾತ್ರ.

2023ರ ಡಿಸೆಂಬರಿನಲ್ಲಿ ರಾಯಿಟರ್ಸ್ ಒಂದು ವರದಿ ಮಾಡಿತು. ಕೇಂದ್ರ ಐಟಿ ಸಚಿವಾಲಯದ ಸಭೆಯ ನಡಾವಳಿ ಆಧರಿಸಿದ ವರದಿ. ಯುರೋಪಿನ ಗಡುವಿನ ಆರು ತಿಂಗಳ ನಂತರ, ಅಂದರೆ 2025ರ ಜೂನ್ ಹೊತ್ತಿಗೆ ಭಾರತದಲ್ಲೂ ಟೈಪ್ ಸಿ ಕಡ್ಡಾಯ ಮಾಡುವ ಯೋಚನೆ ಇತ್ತು. ಸ್ಯಾಮ್‌ಸಂಗ್ ಸೇರಿ ಉಳಿದವರು ಒಪ್ಪಿದರು. ಆ್ಯಪಲ್ ಮಾತ್ರ, ಹಳೇ ಮಾಡೆಲ್‌ಗಳಿಗೂ ನಿಯಮ ಹಾಕಿದರೆ ಉತ್ಪಾದನಾ ಪ್ರೋತ್ಸಾಹಧನ ಯೋಜನೆಯ (ಪಿಎಲ್‌ಐ) ಗುರಿ ಮುಟ್ಟೋಕಾಗಲ್ಲ ಎಂದು ಹೇಳಿತು ಎಂಬುದು ವರದಿಯ ಸಾರ. ಇಲ್ಲಿ ಬೆಲೆ ಇಳಿದ ಹಳೇ ಐಫೋನುಗಳಿಗೆ ಒಳ್ಳೇ ಗಿರಾಕಿ ಇದೆ, ಅವು ಲೈಟ್ನಿಂಗ್ ಕಿಂಡಿಯವು.

ಈ ಒಂದು ವಾದವನ್ನು ಸ್ವಲ್ಪ ನಿಂತು ನೋಡಬೇಕು, ಅದರಲ್ಲೂ ಕರ್ನಾಟಕದವರು. ಪಿಎಲ್‌ಐ ಅಂದರೆ ಉತ್ಪಾದನೆ ಹೆಚ್ಚಿಸಿದ ಕಂಪನಿಗಳಿಗೆ ಸರ್ಕಾರ ಕೊಡುವ ದುಡ್ಡು, ನಮ್ಮ ತೆರಿಗೆ ದುಡ್ಡು. ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಕಟ್ಟಿ ಈಗ ಟಾಟಾ ಕೈಗೆ ಬಂದಿರುವ ಕಾರ್ಖಾನೆ, ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆ, ಎರಡೂ ಐಫೋನ್ ಜೋಡಿಸುವ ಜಾಗಗಳು. ಉದ್ಯೋಗ ಬರುತ್ತದೆಂದು ಭೂಮಿ, ರಿಯಾಯಿತಿ, ಪ್ರೋತ್ಸಾಹಧನ ಎಲ್ಲ ಕೊಡುತ್ತೇವೆ. ಆಮೇಲೆ ಗ್ರಾಹಕರ ಪರ ಒಂದು ಸಣ್ಣ ನಿಯಮ ತರೋಕೆ ಹೋದರೆ ಅದೇ ಪ್ರೋತ್ಸಾಹಧನದ ಗುರಿಯನ್ನು ಗುರಾಣಿಯಾಗಿ ಹಿಡಿಯಲಾಗುತ್ತದೆ. 2020ರ ಡಿಸೆಂಬರಿನಲ್ಲಿ ನರಸಾಪುರದ ಕಾರ್ಮಿಕರು ಸಂಬಳದ ವಿಷಯಕ್ಕೆ ಸಿಡಿದೆದ್ದಾಗಲೂ ಟಿವಿಗಳಲ್ಲಿ ಹೆಚ್ಚು ಕೇಳಿದ್ದು 'ಹೂಡಿಕೆಯ ಗತಿ ಏನು' ಎಂಬ ಪ್ರಶ್ನೆಯೇ. ಸಂಬಳ ಕೇಳಿದರೂ ಹೂಡಿಕೆ ಹೋಗುತ್ತೆ, ಚಾರ್ಜರ್ ನಿಯಮ ತಂದರೂ ಹೂಡಿಕೆ ಹೋಗುತ್ತೆ ಎಂದಾದರೆ ಸರ್ಕಾರ ಮಾಡುವ ಕೆಲಸ ಇನ್ನೇನು ಉಳಿಯಿತು? ಯುರೋಪಿನಲ್ಲಿ ಗಡುವು ಬಂದಾಗ ಇದೇ ಆ್ಯಪಲ್ ಐಫೋನ್ 14, ಐಫೋನ್ ಎಸ್ಇಗಳನ್ನು ಅಲ್ಲಿನ ತನ್ನ ಅಂಗಡಿಯಿಂದ ತೆಗೆದಿತು. ಆಕಾಶ ಬೀಳಲಿಲ್ಲ.

ಲೈಟ್ನಿಂಗ್ ಫೋನುಗಳು ವರ್ಷದಿಂದ ವರ್ಷಕ್ಕೆ ತಾವಾಗಿಯೇ ಕಮ್ಮಿಯಾಗುತ್ತವೆ. ಹಾಗಾಗಿ ಭಾರತ ಬರೀ 'ಎಲ್ಲರೂ ಟೈಪ್ ಸಿ ಹಾಕಿ' ಎಂದು ಆದೇಶ ಹೊರಡಿಸಿದರೆ, ಆಗಿಹೋದ ಮದುವೆಗೆ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ. ಇಲ್ಲಿ ಅತಿ ಹೆಚ್ಚು ಮಾರಾಟವಾಗುವ ವಿವೋ, ಶಿಯೋಮಿ, ಸ್ಯಾಮ್‌ಸಂಗ್, ಒಪ್ಪೊ, ರಿಯಲ್‌ಮಿಗಳ ಕಿಂಡಿ ಆಗಲೇ ಟೈಪ್ ಸಿ. ಅವುಗಳ ಭಾಷೆಯ ಬಗ್ಗೆ ಆದೇಶದಲ್ಲಿ ಒಂದು ಸಾಲು ಬೇಕು. ಕಂಪನಿಯ ಸ್ವಂತ ಚಾರ್ಜರಿನಲ್ಲಿ ಎಷ್ಟು ವ್ಯಾಟ್, ಯಾವುದೇ ಪಿಡಿ ಚಾರ್ಜರಿನಲ್ಲಿ ಎಷ್ಟು ವ್ಯಾಟ್ ಎಂದು ಪೆಟ್ಟಿಗೆ ಮೇಲೆ ಅಕ್ಕಪಕ್ಕ, ಒಂದೇ ಗಾತ್ರದ ಅಕ್ಷರದಲ್ಲಿ ಬರೆಸಿದರೂ ಸಾಕು, ಅರ್ಧ ಕೆಲಸ ನಾಚಿಕೆಯೇ ಮಾಡಿಸುತ್ತದೆ. ಇದಕ್ಕೆ ಹೊಸ ಇಲಾಖೆ ಬೇಡ. ಮೊಬೈಲ್ ಅಡಾಪ್ಟರುಗಳು ಸುರಕ್ಷತೆಗಾಗಿ ಈಗಾಗಲೇ ಬಿಐಎಸ್ ಕಡ್ಡಾಯ ನೋಂದಣಿಯಡಿ ಇವೆ. ನಿಮ್ಮ ಚಾರ್ಜರಿನ ಮೇಲೆ ಆ ಗುರುತು, ನೋಂದಣಿ ಸಂಖ್ಯೆ ಇರುತ್ತದೆ, ನೋಡಿ. ಅದೇ ಪರೀಕ್ಷೆಗೆ 'ಬೇರೆಯವರ ಫೋನಿನ ಜೊತೆ ಸರಿಯಾಗಿ ಮಾತಾಡುತ್ತದಾ' ಎಂಬುದನ್ನೂ ಸೇರಿಸಬಹುದು. ಬೆನ್ಸನ್ ಲ್ಯುಂಗ್ ಒಬ್ಬರೇ ಕೂತು ಮಾಡಿದ ವೈರಿನ ಪರೀಕ್ಷೆಯನ್ನು ಒಂದು ದೇಶದ ಪ್ರಯೋಗಾಲಯಗಳು ಮಾಡಲಾರವೇ?

ಇನ್ನು ಬಟನ್ ಫೋನು. 'ಅವುಗಳಿಗೆ ಬೇರೆ ಕಿಂಡಿ ಇರಲಿ' ಎಂಬ 2022ರ ಮಾತು ನನಗೆ ಈಗಲೂ ಚುಚ್ಚುತ್ತದೆ. ಅಗ್ಗದ ಫೋನಿಗೆ ದುಬಾರಿ ಕಿಂಡಿ ಯಾಕೆ ಅನ್ನೋದು ತರ್ಕ. ಆದರೆ ಬರೀ 5 ವೋಲ್ಟಿನಲ್ಲಿ ಚಾರ್ಜ್ ಆಗೋಕೆ ಪಿಡಿ ಬೇಡ, ವಿಶೇಷ ಚಿಪ್ ಬೇಡ, 24 ಪಿನ್ನೂ ಬೇಡ. ಚಾರ್ಜಿಂಗಿಗಷ್ಟೇ ಅಂತ ಪಿನ್ ಕಡಿಮೆ ಮಾಡಿದ ಟೈಪ್ ಸಿ ಕನೆಕ್ಟರುಗಳು ಸಿಗುತ್ತವೆ, ಜೊತೆಗೆ ಬೇಕಾದದ್ದು ಮೇಲೆ ಹೇಳಿದ ಎರಡು ರೆಸಿಸ್ಟರ್. ಯುರೋಪಿನ ಕಾನೂನು ಸ್ಮಾರ್ಟ್ ಅಂತ ನೋಡದೆ ಕೈಯಲ್ಲಿ ಹಿಡಿಯುವ ಎಲ್ಲ ಮೊಬೈಲುಗಳಿಗೂ ಅನ್ವಯಿಸುತ್ತದೆ. 2024ರಲ್ಲಿ ಎಚ್‌ಎಂಡಿ ಮತ್ತೆ ತಂದ ನೋಕಿಯಾ 3210 ಬಟನ್ ಫೋನೇ, ಅದರಲ್ಲಿ ಇರುವುದು ಟೈಪ್ ಸಿ. ಮನೆಯಲ್ಲಿ ಮಗನದು ಟೈಪ್ ಸಿ, ಅಮ್ಮನದು ಮೈಕ್ರೊ ಯುಎಸ್‌ಬಿ ಎಂದು ಎರಡು ಚಾರ್ಜರ್ ಇಡಬೇಕಾದ ಸ್ಥಿತಿ ತಪ್ಪಿಸೋದು ಈ ನಿಯಮದ ಉದ್ದೇಶವೇ ಆಗಿದ್ದರೆ, ಹೊರಗೆ ಇಡಬೇಕಾದವರ ಪಟ್ಟಿಯಲ್ಲಿ ಅಮ್ಮ ಮೊದಲಿರಬಾರದು.

ಆದೇಶ ಬರುವವರೆಗೆ ಒಂದು ಕೆಲಸ ಮಾಡಬಹುದು. ನಿಮ್ಮ ಚಾರ್ಜರಿನ ಇಟ್ಟಿಗೆ ತಿರುಗಿಸಿ, ಸಣ್ಣ ಅಕ್ಷರದಲ್ಲಿ ಔಟ್‌ಪುಟ್ ಎಂದಿರುವುದನ್ನು ಓದಿ. 5, 9, 15, 20 ವೋಲ್ಟ್ ಎಂದು ಮೆಟ್ಟಿಲು ಮೆಟ್ಟಿಲಾಗಿದ್ದು ಪಕ್ಕದಲ್ಲಿ ಪಿಡಿ ಅಂತಿದ್ದರೆ ಅದು ಊರಿನ ಎಲ್ಲರ ಜೊತೆ ಮಾತಾಡುವ ಚಾರ್ಜರು. 5 ವೋಲ್ಟ್ ಆದ ಮೇಲೆ ನೇರ 10, 11ರ ಆಸುಪಾಸಿನ ವಿಚಿತ್ರ ಸಂಖ್ಯೆ, 6–7 ಆಂಪ್ ಎಂದಿದ್ದರೆ ಅದು ಮನೆಭಾಷೆಯ ಚಾರ್ಜರು. ಮುಂದಿನ ಸಲ ಫೋನು ಕೊಳ್ಳುವಾಗ ಅಂಗಡಿಯವರನ್ನು 'ಎಷ್ಟು ವ್ಯಾಟ್' ಎಂದು ಕೇಳುವ ಬದಲು 'ಪಿಡಿಯಲ್ಲಿ ಎಷ್ಟು ವ್ಯಾಟ್' ಎಂದು ಕೇಳಿ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೇಳುವವರು ಜಾಸ್ತಿಯಾದರೆ ತಿಳಿದುಕೊಳ್ಳುತ್ತಾರೆ.